ನಾವು ಕುರ್ಚಿ ಕದ್ದ ಬೀದಿ

ನನಗೆ ಕಾಯುವುದು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಾಗಿ ಯಾರೂ ಬೇಸರ ಮಾಡಿಕೊಳ್ಳುವುದು ಬೇಡ. ಹಾಲು ಉಕ್ಕುವುದನ್ನು ಕಾಯಲಾರೆ, ಲಿಫ್ಟ್ ಬರುವುದನ್ನು ಕಾಯಲಾರೆ, ಎದುರಿಗಿದ್ದವರು ಮಾತು ಮುಗಿಸುವುದನ್ನಂತೂ ಖಂಡಿತ ಕಾಯಲಾರೆ. ಅವರು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ನನ್ನ ಬಾಯಿಂದ ಬಂದಿರುತ್ತದೆ. ನಮ್ಮ ಮೈಸೂರಿನ ಮನೆಯಲ್ಲಿ ಐದು ಜನ ಮಕ್ಕಳು. ಯಾರ ಬಾಯಿ ಜೋರೋ ಅವರಿಗೆ ಮೊದಲ ದೋಸೆ. ಅಲ್ಲಿ ಬೆಳೆದ ನಾಲಿಗೆ ಲಂಡನ್ನಿಗೆ ಬಂದು ಇಪ್ಪತ್ತು ವರ್ಷವಾದರೂ ನೆಟ್ಟಗಾಗಿಲ್ಲ.

ನನ್ನ ಅತ್ತೆ ಧಾರವಾಡದವರು. ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಬಂದವರು ರೇನರ್ಸ್ ಲೇನಿನ ನಮ್ಮ ಮನೆಯಲ್ಲೇ ಉಳಿದರು. ಮಗಳಿಗೆ ಈಗ ಹದಿನಾರು. ಬಾಯಿಯ ವಿಷಯದಲ್ಲಿ ಅತ್ತೆ ನನಗಿಂತ ಒಂದು ಕೈ ಹೆಚ್ಚೇ. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದ ಮಾತು ದಿಂಬಿಗೆ ತಲೆ ಕೊಟ್ಟ ಮೇಲೂ ಐದು ನಿಮಿಷ ನಡೆಯುತ್ತಿತ್ತು. ಸ್ಟೇಷನ್ ಹತ್ತಿರದ ಗುಜರಾತಿ ಅಂಗಡಿಯವನ ಜೊತೆ ಅಪ್ಪಟ ಧಾರವಾಡದ ಕನ್ನಡದಲ್ಲಿ ಚೌಕಾಸಿ ಮಾಡಿ ಒಂದು ಕಟ್ಟು ಕೊತ್ತಂಬರಿ ಜಾಸ್ತಿ ತರುತ್ತಿದ್ದರು. ನನಗೂ ಅವರಿಗೂ ದಿನಕ್ಕೊಂದು ಜಗಳ ಆಗಲೇಬೇಕು. "ನಿಮ್ಮ ಮೈಸೂರ ಮಂದಿ ಸಾರಿನಾಗ ಬೆಲ್ಲ ಹಾಕ್ತೀರಿ, ಮಾತಿನಾಗ ಒಂದೀಟೂ ಹಾಕಂಗಿಲ್ಲ" ಎಂದು ಅವರು. "ನಿಮ್ಮ ಕಡೆಯವರು ಎರಡಕ್ಕೂ ಖಾರಾನೇ ಹಾಕ್ತೀರಲ್ಲ ಅತ್ತೆ" ಎಂದು ನಾನು. ಜಗಳ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಕೂತು ಚಹಾ ಕುಡಿಯುತ್ತಿದ್ದೆವು. ತಲೆನೋವೆಲ್ಲ ನಮ್ಮ ಯಜಮಾನರಿಗೆ.

ಆ ಫೆಬ್ರವರಿಯ ಬೆಳಿಗ್ಗೆ ನಾನು ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದೆ. ಕಂಪ್ಯೂಟರಿನಲ್ಲಿ ಮೀಟಿಂಗ್ ನಡೆದಿತ್ತು, ನಾನು ಏನೋ ತಪ್ಪು ಲೆಕ್ಕ ಹೇಳಿ ಮ್ಯಾನೇಜರ್ ಎದುರು ತಡವರಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆ ಬಾಗಿಲು ತಳ್ಳಿಕೊಂಡು ಒಳಗೆ ಬಂದು, ಅಂಗಡಿಗೆ ತಾಜಾ ಮೆಂತ್ಯ ಬಂದಿದೆ, ಎಂಥ ಎಳೇದು ನೋಡು ಎಂದು ಸೊಪ್ಪಿನ ಕಟ್ಟನ್ನು ಕ್ಯಾಮೆರಾಕ್ಕೇ ಹಿಡಿದರು. ನಾನು ಮೈಕು ಆಫ್ ಮಾಡಿ, "ಅತ್ತೆ, ಒಂದು ಹತ್ತು ನಿಮಿಷ ಬಾಯಿ ಮುಚ್ಕೊಂಡಿರ್ತೀರಾ?" ಎಂದು ಕಿರುಚಿದೆ. ಅವರು ಮರುಮಾತಾಡದೆ ಹೊರಗೆ ಹೋದರು. ಎರಡು ಗಂಟೆಯ ನಂತರ ನಾನು ಅಡುಗೆಮನೆಗೆ ಹೋದಾಗ ಸಿಂಕಿನ ಕೆಳಗೆ ಬಿದ್ದಿದ್ದರು.

ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ, ಬಲಗಾಲು ಸೋತವು. ಮಾತು ಪೂರ್ತಿ ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ, ಅವರಿಗೆ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಕಾರಣ ಕೇಳಿದ್ದಕ್ಕೆ ಬಿ.ಪಿ., ಸಕ್ಕರೆ, ವಯಸ್ಸು ಎಂದು ಸಮಾಧಾನವಾಗಿ ವಿವರಿಸಿದರು. ನಾನು ತಲೆಯಾಡಿಸಿದೆ. ಆದರೆ ನನ್ನ ಕಿವಿಯಲ್ಲಿ ಇದ್ದದ್ದು ನನ್ನದೇ ಮಾತು. ಬಾಯಿ ಮುಚ್ಚಿಕೊಳ್ಳಿ ಎಂದೆ, ಮುಚ್ಚಿಕೊಂಡರು. ಇದನ್ನು ನಾನು ಯಜಮಾನರಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ವಾರಕ್ಕೊಮ್ಮೆ ಮಾತು ಕಲಿಸುವ ಥೆರಪಿಸ್ಟ್ ಬರುತ್ತಿದ್ದರು. ಒಳ್ಳೆಯ ಹೆಂಗಸು. ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಪ್ರಶ್ನೆ ಕೇಳಿ, ಆಮೇಲೆ ಕಾಯಿರಿ. ಎಷ್ಟು ಹೊತ್ತಾದರೂ ಕಾಯಿರಿ. ಅವರ ಮಾತನ್ನು ನೀವು ಮುಗಿಸಬೇಡಿ. ನಾನು ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ. ಅಂಟಿಸಿದ್ದಷ್ಟೇ ಬಂತು. ಅತ್ತೆ ಒಂದು ಪದಕ್ಕೆ ಬಾಯಿ ತೆರೆದು, ತುಟಿ ಓರೆ ಮಾಡಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಹುಡುಕುವುದನ್ನು ನನಗೆ ನೋಡಲಾಗುತ್ತಿರಲಿಲ್ಲ. ಚಹಾನಾ? ಕನ್ನಡಕಾನಾ? ಬಾತ್ರೂಮಾ? ಫ್ಯಾನ್ ಹಾಕ್ಲಾ? ಒಂದಾದ ಮೇಲೊಂದು ನಾನೇ ಎಸೆಯುತ್ತಿದ್ದೆ. ಯಾವುದೋ ಒಂದಕ್ಕೆ ಅವರು ತಲೆಯಾಡಿಸಿಬಿಡುತ್ತಿದ್ದರು. "ಮಮ್, ಲೆಟ್ ಹರ್ ಫಿನಿಶ್!" ಎಂದು ಮಗಳು ಬೈಯುತ್ತಿದ್ದಳು. "ನೀನು ಸುಮ್ನಿರೇ, ಅಜ್ಜಿಗೆ ಸುಸ್ತಾಗುತ್ತೆ" ಎಂದು ನಾನು ಅವಳ ಬಾಯಿಯನ್ನೂ ಮುಚ್ಚಿಸುತ್ತಿದ್ದೆ.

ಜುಲೈ ಹೊತ್ತಿಗೆ ಅತ್ತೆ ಸ್ಟಿಕ್ ಹಿಡಿದು ಮನೆಯೊಳಗೆ ನಡೆಯುವಂತಾದರು. ಆದರೆ ಮಾತಿನ ಪ್ರಯತ್ನವನ್ನೇ ಬಿಟ್ಟರು. ಏನು ಬೇಕಾದರೂ ಎಡಗೈ ಬೆರಳು ತೋರಿಸುವುದು, ಅಷ್ಟೇ. ಥೆರಪಿಸ್ಟ್ ಕಾರ್ಡು ಹಿಡಿದರೆ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು. ಪ್ರಯತ್ನವೇ ಔಷಧಿ, ಅದನ್ನು ಬಿಟ್ಟರೆ ಇನ್ನು ಬರುವುದು ಕಷ್ಟ ಎಂದು ಥೆರಪಿಸ್ಟ್ ಹೇಳಿಹೋದರು. ಆವತ್ತು ನಾನು ಬಾತ್ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಸ್ಪೇನಿನ ವೆಲೆನ್ಸಿಯಾಕ್ಕೆ ಹೋಗುವ ಯೋಚನೆ ಯಜಮಾನರದು. ಅವರ ಆಫೀಸಿನ ಸ್ನೇಹಿತರೊಬ್ಬರಿಗೆ ಅಲ್ಲಿ, ಕಬಾನ್ಯಾಲ್ ಎನ್ನುವ ಹಳೆಯ ಬೆಸ್ತರ ಕೇರಿಯಲ್ಲಿ, ಅಜ್ಜಿಯ ಕಾಲದ ಒಂದು ಮನೆಯಿತ್ತು. ಮೆಟ್ಟಿಲಿಲ್ಲ, ಬಾಗಿಲು ತೆರೆದರೆ ಬೀದಿ, ಐದು ನಿಮಿಷ ನಡೆದರೆ ಸಮುದ್ರ. ಆಗಸ್ಟಿನಲ್ಲಿ ಎರಡು ವಾರ ಖಾಲಿ ಇರುತ್ತದೆ, ಹೋಗಿ ಎಂದರಂತೆ. "ಅವ್ವಗ ಬಿಸಲರ ಬೀಳಲಿ" ಎಂದರು ಇವರು. ಈ ಸ್ಥಿತಿಯಲ್ಲಿ ಕರಕೊಂಡು ಹೋಗೋದಾ, ನಿಮಗೆ ತಲೆ ನೆಟ್ಟಗಿದೆಯಾ ಎಂದು ನಾನು ಕೂಗಾಡಿದೆ. ಅತ್ತೆಯನ್ನೇ ಕೇಳಿದರು. ಅತ್ತೆ ಎಡಗೈ ಎತ್ತಿ ಬಾಗಿಲ ಕಡೆ ತೋರಿಸಿದರು.

ಅತ್ತೆಯದು ಇನ್ನೂ ಭಾರತದ ಪಾಸ್‌ಪೋರ್ಟ್. ಹಾಗಾಗಿ ವೀಸಾಕ್ಕೆ ಬೆರಳಚ್ಚು ಕೊಡಲು ಕರೆದುಕೊಂಡು ಹೋದೆ. ಕೌಂಟರಿನ ಹುಡುಗಿ ನಗುನಗುತ್ತಾ ಅತ್ತೆಯ ಮುಖ ನೋಡಿಯೇ ಹೆಸರು ಕೇಳಿದಳು. ಎಷ್ಟೋ ದಿನದ ಮೇಲೆ ಅತ್ತೆಯ ತುಟಿ ಅಲುಗಿತು. ನಾನು ಫಟ್ಟನೆ ಹೆಸರು ಹೇಳಿ, ಸ್ಪೆಲ್ಲಿಂಗೂ ಹೇಳಿ, ಹುಟ್ಟಿದ ತಾರೀಖನ್ನೂ ಹೇಳಿ ಮುಗಿಸಿದೆ. ಹಿಂದೆ ಕ್ಯೂ ಇತ್ತಲ್ಲ! ಅತ್ತೆ ಬಾಯಿ ಮುಚ್ಚಿಕೊಂಡರು.

ಕಬಾನ್ಯಾಲಿನ ಬೀದಿಗಳೆಲ್ಲ ಸಮುದ್ರಕ್ಕೆ ಸಮಾನಾಂತರವಾಗಿ ಓಡುತ್ತವೆ. ಎರಡೇ ಅಂತಸ್ತಿನ ಪುಟ್ಟ ಮನೆಗಳು. ಮುಂಭಾಗಕ್ಕೆ ಹಸಿರು, ನೀಲಿ, ಕುಂಕುಮದ ಬಣ್ಣದ ಹೊಳೆಯುವ ಹೆಂಚಿನ ಬಿಲ್ಲೆಗಳು. ಮೀನು ಹಿಡಿದು ನಾಲ್ಕು ಕಾಸು ಕಂಡವರು ತಮ್ಮ ತಮ್ಮ ಇಷ್ಟದಂತೆ ಅಂಟಿಸಿಕೊಂಡಿದ್ದಂತೆ, ಹಾಗಾಗಿ ಒಂದು ಮನೆಯಂತೆ ಇನ್ನೊಂದಿಲ್ಲ. ಹಿಂದೊಮ್ಮೆ ಈ ಬೀದಿಗಳ ನಡುವೆ ದೊಡ್ಡ ರಸ್ತೆ ಹಾಯಿಸಲು ಮನೆಗಳನ್ನು ಕೆಡವಲು ಹೊರಟಿದ್ದರಂತೆ. ಇಲ್ಲಿಯ ಜನ ವರ್ಷಗಟ್ಟಲೆ ಹಟ ಹಿಡಿದು ಉಳಿಸಿಕೊಂಡರಂತೆ. ಕೆಲವು ಮನೆ ಇನ್ನೂ ಬಿರುಕು ಬಿಟ್ಟುಕೊಂಡು ನಿಂತಿದ್ದವು, ಪಕ್ಕದಲ್ಲೇ ಹೊಸ ಬಣ್ಣ ಬಳಿದುಕೊಂಡವು. ಬಾಗಿಲಿಗೆ ಬಿಸಿಲು ತಡೆಯಲು ಮರದ ಪಟ್ಟಿಯ ಚಾಪೆಯಂಥ ಪರದೆ ಇಳಿಬಿಟ್ಟಿದ್ದರು. ನೋಡಿದ ಕೂಡಲೇ ನನಗೆ ಇಷ್ಟವಾಯಿತು, ಆದರೆ ಯಜಮಾನರ ಎದುರು ಒಪ್ಪಿಕೊಳ್ಳಲಿಲ್ಲ.

ಒಪ್ಪಿಕೊಳ್ಳದಿರಲು ಕಾರಣವೂ ಸಿಕ್ಕಿತು. ಮನೆಯ ಒಳಗನ್ನು ಹೊಸದಾಗಿ ಮಾಡಿಸಿದ್ದರು. ಕೂರಲು ಇದ್ದದ್ದೆಲ್ಲ ಅಡುಗೆಕಟ್ಟೆಯ ಮುಂದಿನ ಎತ್ತರದ ಸ್ಟೂಲುಗಳು ಮತ್ತು ಒಮ್ಮೆ ಕೂತರೆ ಏಳಲಾಗದಂಥ ಹಳ್ಳದಂಥ ಸೋಫಾ. ಅತ್ತೆಗೆ ಎರಡೂ ಆಗದು. "ನೋಡಿ, ನಾನು ಹೇಳ್ಲಿಲ್ವಾ? ನಿಮ್ಮವ್ವನ್ನ ಎಲ್ಲಿ ಕೂರಿಸ್ತೀರಿ ಈಗ, ನಿಮ್ಮ ತಲೆ ಮೇಲಾ?" ಎಂದೆ. ಇವರು ಬೀದಿಗೆ ಇಳಿದರು.

ಇಲ್ಲಿ ನಮ್ಮ ಲಂಡನ್ನಿನ ಒಂದು ಅಭ್ಯಾಸ ಹೇಳಬೇಕು. ನಮ್ಮ ರಸ್ತೆಯಲ್ಲಿ ಯಾರಿಗಾದರೂ ಮೇಜೋ ಕುರ್ಚಿಯೋ ಬೇಡವಾದರೆ ಮನೆ ಮುಂದಿನ ಫುಟ್‌ಪಾತಿನಲ್ಲಿ ಇಟ್ಟುಬಿಡುತ್ತಾರೆ. ಬೇಕಾದವರು ಎತ್ತಿಕೊಂಡು ಹೋಗಬಹುದು, ಕೇಳುವ ಹಾಗೂ ಇಲ್ಲ. ನಮ್ಮ ಪುಸ್ತಕದ ಕಪಾಟು, ಮಗಳ ಓದುವ ಮೇಜು, ಊಟದ ಮೇಜಿನ ಆರರಲ್ಲಿ ನಾಲ್ಕು ಕುರ್ಚಿ ಎಲ್ಲ ಹೀಗೆ ಬಂದವು. ನಮ್ಮ ಯಜಮಾನರಿಗೆ ಇದರಲ್ಲಿ ಹದ್ದಿನ ಕಣ್ಣು. ಹತ್ತೇ ನಿಮಿಷದಲ್ಲಿ ಅವರು ಒಂದು ಕುರ್ಚಿ ಹೊತ್ತುಕೊಂಡು ಬಂದರು. ಗಟ್ಟಿ ಮರ, ಹುಲ್ಲಿನ ಹಗ್ಗದಿಂದ ಹೆಣೆದ ಸೀಟು, ತಗ್ಗಾಗಿ, ಅತ್ತೆಯ ಎತ್ತರಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. "ಪಕ್ಕದ ಮನಿ ಮುಂದ ಒಂದ ಇಟ್ಟಿದ್ರು ನೋಡು. ಹೊಸಾದ್ದು ಇದ್ದಂಗ ಐತಿ. ಇವರಿಗೆ ಬುದ್ಧಿ ಇಲ್ಲ, ಇಂಥಾದ್ದು ಬಿಸಾಡತಾರ!" ಎಂದರು. ನಾನು ಮೊದಲ ಸಲ ಆ ದಿನ ಅವರನ್ನು ಹೊಗಳಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ನನ್ನ ಶಾಲು ಮಡಿಸಿ ಹಾಸಿ, ಅತ್ತೆಯನ್ನು ಕೂರಿಸಿದೆ. ಅತ್ತೆ ಬೆನ್ನು ಕೊಟ್ಟು ಉಸಿರು ಬಿಟ್ಟರು.

ಕಾಲು ಗಂಟೆಯಾಗಿರಬೇಕು, ಬಾಗಿಲು ಬಡಿದ ಸದ್ದು. ಹೊರಗೆ ಮೂರು ಜನ ಮುದುಕಿಯರು. ಮುಂದಿದ್ದವರು ಗುಂಡಗೆ, ಕುಳ್ಳಗೆ, ಹೂವಿನ ಹೌಸ್‌ಕೋಟಿನಂಥ ಅಂಗಿ ತೊಟ್ಟು, ಕಂಕುಳಲ್ಲಿ ಒಂದು ಬೋಗುಣಿ ಹಿಡಿದಿದ್ದರು. ಅವರ ಹಿಂದೆ ಬೀದಿಯನ್ನು ನೋಡಿದೆ. ನೆರಳು ಬಿದ್ದಿದ್ದ ಬದಿಯಲ್ಲಿ ಪ್ರತಿ ಮನೆಯ ಮುಂದೂ ಅಂಥದೇ ಕುರ್ಚಿಗಳು ಹೊರಗೆ ಬರುತ್ತಿದ್ದವು. ಸಂಜೆಯಾದರೆ ಈ ಕೇರಿಯವರು ತಂಪಿಗೆ ಬೀದಿಯಲ್ಲೇ ಕೂರುವುದಂತೆ, ತಲೆತಲಾಂತರದ ರೂಢಿಯಂತೆ. ಮೊದಲು ಕುರ್ಚಿ ಇಟ್ಟು ಜಾಗ ಹಿಡಿದು, ಆಮೇಲೆ ನಿಧಾನವಾಗಿ ಕೆಲಸ ಮುಗಿಸಿ ಬರುವುದು. ಇಟ್ಟ ಕುರ್ಚಿಯನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿದವರು ನಾವೇ ಮೊದಲಿರಬೇಕು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಗಳಿಗೆ ಸ್ಕೂಲಿನಲ್ಲಿ ಕಲಿತ ಸ್ಪ್ಯಾನಿಷ್ ಒಂದಿಷ್ಟಿತ್ತು. "ಹೇಳೇ, ತಪ್ಪಾಯ್ತು ಅಂತ ಹೇಳೇ! ನಮ್ಮೂರಲ್ಲಿ ಹಿಂಗೆ ಇಟ್ರೆ ತಗೋಬಹುದು ಅಂತ ಹೇಳು!" ಎಂದು ಅವಳ ಬೆನ್ನು ತಿವಿದೆ. ಅವಳು ಕೆಂಪಗಾಗಿ ಏನೇನೋ ತೊದಲಿದಳು. ಯಜಮಾನರು ಕೈಮುಗಿದುಕೊಂಡು ನಿಂತಿದ್ದರು. ಆ ಹೆಂಗಸು ನಮ್ಮ ಯಾರನ್ನೂ ನೋಡುತ್ತಿರಲಿಲ್ಲ. ಒಳಗೆ, ತನ್ನ ಕುರ್ಚಿಯಲ್ಲಿ, ಸೀರೆ ಉಟ್ಟು, ಬಲಗೈಯನ್ನು ತೊಡೆಯ ಮೇಲೆ ಬೇರೆಯವರ ವಸ್ತುವಿನ ಹಾಗೆ ಇಟ್ಟುಕೊಂಡು ಕೂತಿದ್ದ ಅತ್ತೆಯನ್ನು ನೋಡುತ್ತಿದ್ದರು. ಆಮೇಲೆ ಗಟ್ಟಿಯಾಗಿ ನಕ್ಕರು. ಹಿಂದಿದ್ದ ಇಬ್ಬರೂ ನಕ್ಕರು. ಮಗಳ ಭುಜ ತಟ್ಟಿ ಏನೋ ಹೇಳಿದರು. "ಶೀ ಸೇಸ್, ಕುರ್ಚಿ ಇರಲಿ, ಬಟ್ ಒಳಗೆ ಯಾಕೆ ಕೂತಿದಾರೆ ಅಂತ" ಎಂದಳು ಮಗಳು. ಅವಳ ಬಾಯಲ್ಲಿ ಅಷ್ಟುದ್ದ ಕನ್ನಡ ಕೇಳಿ ಎಷ್ಟು ದಿನವಾಗಿತ್ತೋ.

ಐದು ನಿಮಿಷದಲ್ಲಿ ಅತ್ತೆ ಬೀದಿಯಲ್ಲಿದ್ದರು. ಇಡೀ ಸಾಲಿನವರು ಒಬ್ಬೊಬ್ಬರಾಗಿ ಎದ್ದು ತಮ್ಮ ಕುರ್ಚಿಯನ್ನು ಒಂದಿಷ್ಟು ಸರಿಸಿ ಜಾಗ ಮಾಡಿದರು. ಕುರ್ಚಿಯ ಒಡತಿ ಒಳಗಿನಿಂದ ಇನ್ನೊಂದು ಕುರ್ಚಿ ತಂದು ಅತ್ತೆಯ ಪಕ್ಕದಲ್ಲೇ ಹಾಕಿಕೊಂಡರು. ಎಲ್ಲರಿಗೂ ವಂದನೆ ಹೇಳಿ ನಾನು ಬಾಗಿಲಲ್ಲೇ ಕಾವಲು ನಿಂತೆ. ಪಾಪ, ಅತ್ತೆಗೆ ಮಾತು ಬರುವುದಿಲ್ಲ, ಅವರೇನಾದರೂ ಕೇಳಿದರೆ ನಾನಿರಬೇಕಲ್ಲ.

ಕೇಳಿಯೇಬಿಟ್ಟರು. ಆ ಹೆಂಗಸು ತನ್ನ ಎದೆ ಮುಟ್ಟಿಕೊಂಡು ಹೆಸರು ಹೇಳಿ, ಅತ್ತೆಯ ಕಡೆ ಬೆರಳು ಮಾಡಿದರು. ಅತ್ತೆಯ ತುಟಿ ನಡುಗಿತು. ನಾನು ಬಾಯಿ ತೆರೆದೆ. ತೆರೆದದ್ದೇ ತಡ, ಆ ಹೆಂಗಸು ನನ್ನ ಕಡೆ ತಿರುಗದೆಯೇ ಅಂಗೈ ಎತ್ತಿ ಹಿಡಿದರು, ಸರ್ಕಲ್ಲಿನಲ್ಲಿ ಪೊಲೀಸಿನವರು ಗಾಡಿ ನಿಲ್ಲಿಸುವ ಹಾಗೆ. ಸಿಟ್ಟಿರಲಿಲ್ಲ ಅದರಲ್ಲಿ. ನಿಲ್ಲು, ಅಷ್ಟೇ. ನನ್ನನ್ನು ಹಾಗೆ ಯಾರೂ ನಿಲ್ಲಿಸಿರಲಿಲ್ಲ, ನನಗೆ ಮೈಯೆಲ್ಲ ಉರಿಯಿತು. ಅಲ್ಲ, ಇವರ್ಯಾರು ನಮ್ಮತ್ತೆ ವಿಷಯಕ್ಕೆ ನನ್ನ ಬಾಯಿ ಮುಚ್ಚಿಸೋಕೆ?

ಅವರು ಕಾದರು. ಬೋಗುಣಿಯಲ್ಲಿದ್ದ ಕಾಳನ್ನು ಸುಲಿಯುತ್ತಾ, ಅತ್ತೆಯ ಮುಖ ನೋಡುತ್ತಾ, ಬಸ್ಸು ಹಿಡಿಯುವ ಆತುರವೇ ಇಲ್ಲದವರ ಹಾಗೆ ಕಾದರು. ಉಳಿದ ಇಬ್ಬರೂ ಕಾದರು. ನಾನು ಮರದ ಪರದೆಯನ್ನು ಬಿಗಿಯಾಗಿ ಹಿಡಿದುಕೊಂಡು ಮನಸ್ಸಿನಲ್ಲಿ ಎಣಿಸಿದೆ. ಇಪ್ಪತ್ತು, ಮೂವತ್ತು. ನಲವತ್ತು ದಾಟಿದ ಮೇಲೆ ಅತ್ತೆ ತಮ್ಮ ಹೆಸರು ಹೇಳಿದರು. ಮೊದಲ ಅಕ್ಷರ ಎರಡು ಸಲ ಬಂತು, ಕೊನೆಯದು ಅರ್ಧ ನುಂಗಿಹೋಯಿತು. ಆದರೆ ಹೆಸರೇ. ಆರು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ಪೂರ್ತಿ ಪದ ಅದು. ಮೂವರೂ ಅದನ್ನು ತಪ್ಪುತಪ್ಪಾಗಿ ತಿರುಗಿ ಹೇಳಿದರು. ಅತ್ತೆ ಅಸಮಾಧಾನದಿಂದ ತಲೆಯಾಡಿಸಿ, ತಿದ್ದಲು, ಇನ್ನೊಮ್ಮೆ ಹೇಳಿದರು.

ನಾನು ಒಳಗೆ ಹೋಗಿ ಗೋಡೆಗೆ ಒರಗಿ ನಿಂತೆ. ಯಜಮಾನರು ಅಲ್ಲೇ ನಿಂತು ಮೂಗು ಒರೆಸಿಕೊಳ್ಳುತ್ತಿದ್ದರು. "ನೀ ಅಳಬ್ಯಾಡ" ಎಂದರು ನನಗೆ. "ನಾನೆಲ್ಲಿ ಅಳ್ತಿದೀನಿ, ನೀವೇ ಅಳ್ತಿರೋದು" ಎಂದೆ.

ಮಾರನೆಯ ದಿನ ಐದು ಗಂಟೆಗೇ ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು ಬಾಗಿಲ ಬಳಿ ಸ್ಟಿಕ್ ಹಿಡಿದು ನಿಂತಿದ್ದರು. ಅವರಿಗಿಂತ ಮೊದಲೇ ಅವರ ಕುರ್ಚಿ ಹೊರಗೆ ಸಾಲಿನಲ್ಲಿತ್ತು. ಆವತ್ತು ಅವರ ಮಡಿಲಿಗೂ ಒಂದು ತಟ್ಟೆ ಕಾಳಿನ ಕಾಯಿ ಬಂತು. ನಮ್ಮಲ್ಲಿ ಡಬಲ್ ಬೀನ್ಸ್ ಎನ್ನುತ್ತೇವಲ್ಲ, ಅದೇ; ಭಾನುವಾರದ ಅನ್ನಕ್ಕೆ ಇಲ್ಲಿ ಅದು ಬೇಕೇ ಬೇಕಂತೆ. ಬಲಗೈ ಕಾಯಿಯನ್ನು ಒತ್ತಿ ಹಿಡಿಯಬೇಕು, ಎಡಗೈ ಬಿಡಿಸಬೇಕು. ಒಂದು ಕಾಯಿಗೆ ಮೂರು ನಿಮಿಷ ಹಿಡಿಯಿತು. ನಾನು ಓಡಿಹೋಗಿ ಸುಲಿದುಕೊಡಲೇ ಎಂದು ಚಡಪಡಿಸುತ್ತಿದ್ದೆ. ಕುರ್ಚಿಯ ಒಡತಿ ಅದನ್ನು ಕಂಡು ಮಗಳನ್ನು ಕರೆದು ಏನೋ ಹೇಳಿದರು. ಮಗಳಿಗೆ ಖುಷಿಯೋ ಖುಷಿ. "ಮಮ್, ಯೂ ಹ್ಯಾವ್ ಬೀನ್ ಟೋಲ್ಡ್. ಸಮುದ್ರಕ್ಕೆ ಹೋಗಬೇಕಂತೆ ನೀನು. ಎಂಟು ಗಂಟೆ ತನಕ ವಾಪಸ್ ಬರಬಾರ್ದಂತೆ."

ಹೀಗೆ ನನ್ನನ್ನು ನನ್ನ ಅತ್ತೆಯಿಂದ ಓಡಿಸಿದರು. ಮೊದಲ ದಿನ ಉರಿದುಕೊಂಡೇ ಹೋದೆ. ಮರಳು ಸುಡುತ್ತಿತ್ತು, ಜನ ಅರೆಬೆತ್ತಲೆ ಬಿದ್ದುಕೊಂಡಿದ್ದರು, ನೀರು ಮಾತ್ರ ಮಂಡಿಗೆ ಹಿತವಾಗಿ ಬಡಿಯುತ್ತಿತ್ತು. ಅಲ್ಲಿ ನಿಂತಾಗ ಒಂದು ವಿಷಯ ನನಗೆ ಗೊತ್ತಾಯಿತು. ಆ ಹೆಂಗಸರಿಗೆ ಅತ್ತೆಯ ಮಾತು ಮುಗಿಸಲು ಬರುವುದೇ ಇಲ್ಲ. ಕನ್ನಡದ ಒಂದಕ್ಷರ ಗೊತ್ತಿಲ್ಲ ಅವರಿಗೆ. ಚಹಾನಾ ಕನ್ನಡಕಾನಾ ಎಂದು ಎಸೆಯಲು ಅವರ ಬಳಿ ಪದವೇ ಇಲ್ಲ. ಅದಕ್ಕೇ ಅವರಿಗೆ ಕಾಯುವುದೊಂದೇ ದಾರಿ. ನನ್ನ ಬಳಿ ಮಾತ್ರ ಅತ್ತೆಯ ಎಲ್ಲ ಪದವೂ ಇತ್ತು, ಒಂದನ್ನೂ ನಾನು ಅವರಿಗೆ ಬಿಟ್ಟುಕೊಟ್ಟಿರಲಿಲ್ಲ.

ಮೂರನೆಯ ಸಂಜೆ ನಾನು ಸಮುದ್ರಕ್ಕೆ ಹೋದ ಹಾಗೆ ಮಾಡಿ ಹಿಂದಿನ ಬಾಗಿಲಿಂದ ಒಳಗೆ ನುಸುಳಿದೆ. ಕಿಟಕಿಯ ಪರದೆಯ ಹಿಂದೆ ನೆಲದ ಮೇಲೆ ಕೂತು ಕಿವಿಗೊಟ್ಟೆ. ಸೆರಗಿಲ್ಲದ ಬಟ್ಟೆಯಾದ್ದರಿಂದ ಅಡುಗೆಮನೆಯ ಟವೆಲನ್ನೇ ಬಾಯಿಗೆ ತುರುಕಿಕೊಂಡೆ, ಬಾಯಿ ತಪ್ಪಿ ಏನಾದರೂ ಅಂದುಬಿಟ್ಟರೆ ಎಂದು. ಹೊರಗೆ ಅತ್ತೆ ಏನನ್ನೋ ಹೇಳುತ್ತಿದ್ದರು. "ನಮ್ಮ... ಮನಿ..." ಎಂದರು. ನಡುವೆ ಒಂದು ಸ್ಕೂಟರ್ ಬಂದು ಹೋಯಿತು, ಯಾರೋ ನಾಯಿಯನ್ನು ಕರೆದರು. "ಮನಿ ಮುಂದ... ಎ... ಎ..." ಎಂದರು. ಎಮ್ಮೆ! ಅವರ ತೌರಿನ ಎಮ್ಮೆ! ಆ ಎಮ್ಮೆಯ ಕಥೆ ನಾನು ನೂರು ಸಲ ಕೇಳಿದ್ದೇನೆ. ನನ್ನ ಹಲ್ಲು ಟವೆಲಿಗೆ ನಾಟಿತು. ಅತ್ತೆಗೆ ಪದ ಸಿಗಲಿಲ್ಲ. ಸಿಗದಿದ್ದಾಗ ಅವರು ಏನು ಮಾಡಿದರು ಗೊತ್ತೇ? ಕತ್ತು ನೀಡಿ, ಉದ್ದಕ್ಕೆ, ಬೀದಿಗೆಲ್ಲ ಕೇಳಿಸುವ ಹಾಗೆ ಎಮ್ಮೆಯಂತೆ ಕೂಗಿದರು.

ಸಾಲಿಗೆ ಸಾಲೇ ನಕ್ಕಿತು. ನಕ್ಕಮೇಲೆ ಅತ್ತೆಯ ಬಾಯಿಗೆ ಪದ ತಾನಾಗಿ ಬಂತು, "ಎಮ್ಮಿ! ಎಮ್ಮಿ!" ಎಂದು ಎರಡು ಸಲ ತೊಡೆ ತಟ್ಟಿ ಹೇಳಿದರು. ಕುರ್ಚಿಯ ಒಡತಿಯೂ ಸುಮ್ಮನಿರದೆ ತನ್ನ ಕಥೆ ತೆಗೆದರು. ಹಿಂದೆ ದೋಣಿಗಳನ್ನು ಸಮುದ್ರದಿಂದ ದಡಕ್ಕೆ ಎಳೆಯಲು ಇಲ್ಲಿ ಎತ್ತುಗಳಿದ್ದವಂತೆ. ತನ್ನ ಅಜ್ಜ ಎತ್ತುಗಳ ಹಿಂದೆ ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲುತ್ತಿದ್ದನಂತೆ. ಮಗಳು ಅದನ್ನು ಅತ್ತೆಗೆ ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ಹೇಳುತ್ತಿದ್ದಳು, ಎತ್ತು ಎನ್ನುವ ಪದ ಅವಳಿಗೇ ಸಿಗಲಿಲ್ಲ. ಅತ್ತೆ ಹೇಳಿಕೊಟ್ಟರು. "ಎತ್ತ... ಅನ್ನಬೇಕು... ಹುಡುಗಿ" ಎಂದರು. ನಾನು ಟವೆಲ್ ಬಾಯಲ್ಲಿಟ್ಟುಕೊಂಡೇ ಅತ್ತುಬಿಟ್ಟೆ, ನಕ್ಕುಬಿಟ್ಟೆ, ಏನೇನೋ ಆಯಿತು.

ಎರಡು ವಾರದಲ್ಲಿ ಪವಾಡ ನಡೆಯಿತು ಎಂದು ನಾನು ಹೇಳುವುದಿಲ್ಲ. ಹೊರಡುವ ದಿನಕ್ಕೆ ಅತ್ತೆಗೆ ಮೂವತ್ತೋ ನಲವತ್ತೋ ಪದ ಬಂದಿರಬೇಕು. ಎರಡು ಮೂರು ಪದ ಕೂಡಿಸಲು ಬರುತ್ತಿತ್ತು, ಕೆಲವು ದಿನ ಅದೂ ಇಲ್ಲ. ಬಂದದ್ದು ಹಟ. ಕೊನೆಯ ಸಂಜೆ ಕುರ್ಚಿಯ ಒಡತಿ ಅನ್ನದ ದೊಡ್ಡ ಬಾಣಲೆಯನ್ನೇ ಬೀದಿಗೆ ತಂದರು, ಅತ್ತೆಗಾಗಿ ಮಾಂಸ ಹಾಕದೆ ಮಾಡಿದ್ದು. ತಿಂದಾದ ಮೇಲೆ ಅತ್ತೆಯ ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, ನನ್ನ ಗಲ್ಲ ಹಿಡಿದು ಮುಖವನ್ನೇ ನೋಡಿದರು. ನನಗೆ ಸ್ಪ್ಯಾನಿಷಿನಲ್ಲಿ ಗೊತ್ತಿದ್ದದ್ದು ಧನ್ಯವಾದ ಎನ್ನುವ ಒಂದೇ ಪದ. ಅದನ್ನೇ ಎಷ್ಟು ಸಲ ಹೇಳಿದೆನೋ. ಇವತ್ತಿಗೂ ದೇವರಿಗೆ ದೀಪ ಹಚ್ಚುವಾಗ ಹೆಸರೂ ನನ್ನ ಬಾಯಿಗೆ ಸರಿಯಾಗಿ ಬಾರದ ಆ ತಾಯಿಯನ್ನು ನೆನೆಯುತ್ತೇನೆ. ಅವರು ನನಗೆ ಏನು ಕೊಟ್ಟರು ಎನ್ನುವುದು ಅವರಿಗೆ ಗೊತ್ತಿರಲಾರದು.

ಸೆಪ್ಟೆಂಬರಿನಲ್ಲಿ ಥೆರಪಿಸ್ಟನ್ನು ನೋಡಲು ಅತ್ತೆಯನ್ನು ಅವರ ಕ್ಲಿನಿಕ್ಕಿಗೇ ಕರೆದುಕೊಂಡು ಹೋದೆ. ಅವರು ಕಾರ್ಡು ಹಿಡಿದರು, ಅತ್ತೆ ಕಿಟಕಿಯ ಕಡೆ ತಿರುಗಲಿಲ್ಲ. ಕಾರ್ಡಿನ ಮೇಲಿದ್ದದ್ದಕ್ಕೆಲ್ಲ ಕನ್ನಡದಲ್ಲಿ ಹೆಸರು ಹೇಳುತ್ತಾ ಹೋದರು, ಗೊತ್ತಾಗದ್ದಕ್ಕೆ ಬೈಗುಳ ಹೇಳಿದರು. ಥೆರಪಿಸ್ಟಿಗೆ ಅರ್ಥವಾಗದಿದ್ದರೂ ಕಣ್ಣರಳಿತು. ಏನು ಮಾಡಿದಿರಿ ಎಂದು ನನ್ನನ್ನು ಕೇಳಿದರು. "ನಾನೇನೂ ಮಾಡಲಿಲ್ಲ, ಸುಮ್ಮನಿದ್ದೆ" ಎಂದೆ. ಅವರು ನಕ್ಕರು, ತಮಾಷೆ ಎಂದುಕೊಂಡಿರಬೇಕು.

ವಾಪಸು ಬರುವಾಗ ಬಸ್ ಸ್ಟಾಪಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ಒಳ್ಳೆಯ ಬಿಸಿಲಿತ್ತು. ಸ್ಕೂಲು ಬಿಟ್ಟ ಮಕ್ಕಳು ಗಲಾಟೆ ಮಾಡಿಕೊಂಡು ಹೋದರು. ಥೆರಪಿಸ್ಟ್ ನಕ್ಕದ್ದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಮಾತು ಬಂದರೆ ಅತ್ತೆ ಮೊದಲು ನನಗೆ ಏನು ಹೇಳುತ್ತಾರೋ ಎಂದು ಅಷ್ಟೂ ದಿನ ಒಳಗೊಳಗೇ ಹೆದರಿಕೊಂಡಿದ್ದೆ. ಅವರು ಹೇಳಿರಲಿಲ್ಲ. ಹೇಳುವ ತನಕ ಕಾಯಲು ನನ್ನಿಂದ ಆಗಲಿಲ್ಲ.

"ಅತ್ತೆ," ಎಂದೆ. "ಅವತ್ತು... ನೀವು ಬಿದ್ರಲ್ಲ, ಅವತ್ತು ಬೆಳಿಗ್ಗೆ..." ಮುಂದೆ ಬರಲಿಲ್ಲ. ನನಗೆ, ಈ ಬಾಯಿಗೆ, ಮುಂದಿನ ಪದ ಬರಲಿಲ್ಲ! ಅತ್ತೆ ನನ್ನ ಕಡೆ ತಿರುಗಿ ನೋಡುತ್ತಾ ಕೂತರು. ಅವರು ಅವಸರ ಮಾಡಲಿಲ್ಲ. "ನಾನು... ಬಾಯಿ ಮುಚ್ಕೊಂಡಿರಿ ಅಂದೆ," ಎಂದೆ ಕೊನೆಗೆ. "ಹಂಗನ್ನಬಾರ್ದಿತ್ತು. ಅದಕ್ಕೇ ಹಿಂಗಾಯ್ತು ಅಂತ..." ಅಷ್ಟಕ್ಕೆ ಅಳು ಬಂದು ಮುಖ ಮುಚ್ಚಿಕೊಂಡೆ.

ಅತ್ತೆ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಎಳೆದರು. "ನಿನ್ನ... ಬಾಯಿ..." ಎಂದರು.

ನಮ್ಮ ಬಸ್ ಬಂತು. ಬಾಗಿಲು ತೆರೆಯಿತು. ಡ್ರೈವರು ನಮ್ಮನ್ನು ನೋಡಿದ. ಮುಂದಿನದು ಇಪ್ಪತ್ತು ನಿಮಿಷಕ್ಕೆ ಎಂದು ಬೋರ್ಡಿನಲ್ಲಿ ಕಾಣುತ್ತಿತ್ತು. ನಾನು ಬೇಡವೆಂದು ತಲೆಯಾಡಿಸಿದೆ. ಬಾಗಿಲು ಮುಚ್ಚಿಕೊಂಡು ಬಸ್ಸು ಹೋಯಿತು.

"ಹದಿನಾರು... ವರ್ಷ..." ಎಂದರು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ತುಟಿ ಓರೆಯಾಯಿತು, ಹಣೆಯ ಮೇಲೆ ಬೆವರು ಮೂಡಿತು. ನನ್ನ ನಾಲಿಗೆಯ ತುದಿಗೆ ಹತ್ತು ಪದ ಬಂದು ನಿಂತಿದ್ದವು, ಒಂದನ್ನೂ ಬಿಡಲಿಲ್ಲ. "...ಕೇಳೇನಿ. ಅದಕ್ಕ... ಬೀಳಾಕಿ... ಆಗಿದ್ರ..."

ನಾನು ಕಾದೆ. ಅವರ ಕಣ್ಣಂಚಿನಲ್ಲಿ, ಫೆಬ್ರವರಿಯಿಂದ ನಾನು ಕಾಣದಿದ್ದ ಆ ಜಗಳಗಂಟಿ ನಗು ಮೊದಲು ಬಂತು. ಮಾತು ಅದರ ಹಿಂದೆ ಬಂತು.

"...ನಾ... ಎಂದೋ... ಬೀಳತಿದ್ದೆ!"